ಏಕಾದಶಿಯ ಮಾತ್ರೆ

ಎಂಬತ್ತರ ದಶಕದ ಆರಂಭ. ಮಾನ್ವಿಯಿಂದ ರಾಯಚೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಪುಸ್ತಕದ ಮೂರನೆಯ ಸಾಲಿಗೇ ಎದ್ದು ಅಂಗಳಕ್ಕೆ ಬಂದುಬಿಡುತ್ತಿದ್ದೆ. ಈಗ ಅದನ್ನು ಎಡಿಎಚ್‌ಡಿ ಎನ್ನುತ್ತಾರೆ. ಅಪ್ಪ ಮಂಗನ ಬುದ್ಧಿ ಎನ್ನುತ್ತಿದ್ದರು.

ಮನೆಯಲ್ಲಿ ಹೇಳದೆ ನಾನು ಹೋಗಿ ಕಂಡ ರಾಯಚೂರಿನ ವೈದ್ಯರೊಬ್ಬರು ಹೈದರಾಬಾದಿನಿಂದ ಒಂದು ಮಾತ್ರೆ ತರಿಸಿಕೊಟ್ಟರು. ಮಿದುಳಿನ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ಹೀರಿಹೋಗದಂತೆ ಅದು ತಡೆಯುತ್ತದೆ, ಗಮನ ನಿಲ್ಲುತ್ತದೆ, ನಾಡಿ ಏರುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಆಮೇಲೆ ಓದಿದೆ. ಆಗ ಗೊತ್ತಿದ್ದದ್ದು ಇಷ್ಟೇ: ನುಂಗಿದರೆ ಹಸಿವು ಸತ್ತುಹೋಗುತ್ತಿತ್ತು.

ನಮ್ಮದು ಏಕಾದಶಿಗೆ ನೀರೂ ಕುಡಿಯದ ಮನೆ. ಮೊದಲು ಅವಲಕ್ಕಿ ಕದ್ದು ಏಟು ತಿನ್ನುತ್ತಿದ್ದ ನಾನು, ಆಚಮನದ ನೀರಿನಲ್ಲೇ ಮಾತ್ರೆ ನುಂಗಿ ಸಂಜೆಯವರೆಗೆ ಕದಲದೆ ಕೂತೆ. ಅಪ್ಪ ನೆರೆಯವರನ್ನು ಕರೆದು ತೋರಿಸಿದರು.

"ನೋಡ್ರಿ, ಹರಿ ಒಲಿದಾನ ಇವಂಗ."

ಮಾತ್ರೆಯ ಗುಣ ಎಂದು ನಾನು ಬಾಯಿ ಬಿಡಲಿಲ್ಲ. ಅಕ್ಕನಿಗೆ ದಮ್ಮಿನ ಕಾಯಿಲೆ. ಅವಳಿಗೂ ಉಪವಾಸ ತಪ್ಪುತ್ತಿರಲಿಲ್ಲ; ಮಧ್ಯಾಹ್ನಕ್ಕೇ ಹಸಿವು ತಾಳದೆ ಅಡಿಗೆಮನೆಯ ಬಾಗಿಲಿಗೆ ಬರುತ್ತಿದ್ದಳು.

"ತಮ್ಮ ತಡಕೊಂಡಾನ. ನಿನ್ನ ಹೊಟ್ಟ್ಯಾಗೇನು ಒಲಿ ಹಚ್ಚ್ಯಾರೇನು?" ಎಂದರು ಅಪ್ಪ. ನಾನು ನಕ್ಕೆ.

ಮುಂದಿನ ಏಕಾದಶಿಯ ಬೆಳಿಗ್ಗೆ ಅಕ್ಕ ಹಿತ್ತಲಿಗೆ ಬಂದಳು. "ಲೇ, ನಿನ್ನ ಭಕ್ತಿ ಯಾವ ಡಬ್ಬ್ಯಾಗ ಅದ ಅಂತ ನನಗೊಬ್ಬಾಕಿಗೇ ಗೊತ್ತು. ನನಗೂ ಒಂದು ಕೊಡು."

ಅವಳು ಆಗಲೇ ದಮ್ಮಿನ ಗುಳಿಗೆ ನುಂಗಿದ್ದಳು. ಅದರಲ್ಲಿ ಎಫಿಡ್ರಿನ್ ಇತ್ತು. ಅದೂ ಹೃದಯವನ್ನು ಓಡಿಸುವಂಥದ್ದೇ. ಎರಡೂ ಕೂಡಬಾರದೆಂದು ವೈದ್ಯರು ಮೊದಲ ದಿನವೇ ಹೇಳಿದ್ದರೋ, ಆಮೇಲೆ ನಾನು ಕೇಳಿದಾಗ ಹೇಳಿದರೋ, ನನಗೆ ಖಚಿತವಿಲ್ಲ. ನಾನೇ ಕೊಟ್ಟೆನೋ, ಅವಳೇ ಡಬ್ಬಿಯಿಂದ ತೆಗೆದು ನುಂಗಿದಳೋ, ಅದೂ ನೆನಪಿಲ್ಲ.

ಮಧ್ಯಾಹ್ನ ಅವಳು ಬೆವರಿ ಗೋಡೆಗೆ ಒರಗಿದಳು. "ಅಪ್ಪಾ, ಎದಿ ಹಾರಾಕತ್ತದ. ಒಂದು ಗುಟುಕು ನೀರು ಕೊಡ್ರಿ."

"ನಾಟಕ ಸಾಕು," ಎಂದರು ಅಪ್ಪ.

ಅವಳು ನನ್ನ ಕಡೆ ನೋಡಿದಳು. ಹೇಳಿದರೆ ನನ್ನ ಭಕ್ತಿ ಬಯಲಾಗುತ್ತಿತ್ತು. ನಾನು ಪುಸ್ತಕದ ಪುಟ ತಿರುವಿದೆ.

ಸಂಜೆಗೆ ಎದೆಬಡಿತ ಇಳಿಯಿತು. ದ್ವಾದಶಿಯ ಬೆಳಿಗ್ಗೆ ಅಪ್ಪ ಅವಳ ಎಲೆಗೂ ತುಪ್ಪ ಬಡಿಸಿದರು. "ಈ ಸರ್ತಿ ಗೆದ್ದಿ ನೋಡವ್ವ." ಅವಳು ಆ ಮನೆಯಲ್ಲಿ ಹೊಗಳಿಸಿಕೊಂಡದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಹಿತ್ತಲಿಗೆ ಬಂದು ಕೈಯೊಡ್ಡಿದಳು. ಆ ಸಲ ನಾನೇ ಕೊಟ್ಟೆ. ಅದರಲ್ಲಿ ನನಗೆ ಅನುಮಾನವಿಲ್ಲ.