ಹೊತ್ತು ಮುಳುಗುವ ಮುನ್ನ ನಾನೂರು ಊಟ

ಈಗ ನಮ್ಮ ಖಾನಾವಳಿ ಚಿಕ್ಕೋಡಿಯಲ್ಲೂ ಇದೆ, ನಿಪ್ಪಾಣಿಯಲ್ಲೂ ಇದೆ. ಅಥಣಿಯ ಖಾನಾವಳಿಯ ಮೇಲೆ ಆರು ಖೋಲಿ ಕಟ್ಟಿಸಿದ್ದೇವೆ, ಉಳಿಯಲು ಬಂದವರು ಕೆಳಗಿಳಿದು ನಮ್ಮಲ್ಲೇ ಉಣ್ಣುತ್ತಾರೆ. ರಾಯಬಾಗದಿಂದ ಕಾಗವಾಡದವರೆಗೆ ಯಾರದೋ ಮನೆಯ ಕಾರ್ಯಕ್ಕೆ ನಮ್ಮ ಟೆಂಪೋ ಹೋಗದ ವಾರವಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ವಿನಯ ನನಗೆ ಒಗ್ಗಿ ಬಂದದ್ದಲ್ಲ, ಬೇಕಿದ್ದರೆ ನನ್ನ ಅವ್ವನನ್ನು ಕೇಳಿ. ಆದರೆ ಇದೆಲ್ಲ ಶುರುವಾಗುವ ಮೊದಲೇ ಬೇಡಕಿಹಾಳದಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗುವುದರಲ್ಲಿತ್ತು.

ಖಾನಾವಳಿ ಹುಟ್ಟಿಸಿದವಳು ಅವ್ವ. ಚಿಕ್ಕೋಡಿಗೆ ವರ್ಗವಾಗಿ ಬಂದ ಮಾಸ್ತರರಿಗೆ, ಕಚೇರಿಯವರಿಗೆ ನಮ್ಮ ಮನೆಯ ಪಡಸಾಲೆಯಲ್ಲೇ ಊಟಕ್ಕೆ ಹಾಕುತ್ತಿದ್ದಳು. ಅಪ್ಪ ಪಡಸಾಲೆ ಬಿಟ್ಟುಕೊಟ್ಟು ಹಿತ್ತಿಲಿಗೆ ಖುರ್ಚಿ ಒಯ್ದವನು ಮತ್ತೆ ಮುಂದಕ್ಕೆ ಬರಲೇ ಇಲ್ಲ. ಪಡಸಾಲೆ ಸಾಲದೆ ಬೀದಿಗೆ ಹತ್ತಿದ ಅಂಗಡಿ ಹಿಡಿದರು, ಹನ್ನೆರಡು ಟೇಬಲ್ ಹಾಕಿದರು. ಅವ್ವನ ಪಾಲಿಗೆ ಅಲ್ಲಿಗೆ ಲೋಕ ಮುಗಿಯಿತು. ಕೂತವರಿಗೆ ಬಿಸಿ ರೊಟ್ಟಿ ಹಾಕಬೇಕು, ಅವರು ಎದ್ದು ಹೋಗುವಾಗ ಮುಖ ನೋಡಬೇಕು, ಅಷ್ಟೇ ಅವಳ ವ್ಯಾಪಾರ. ನಾನು ಹಿರಿಮಗಳು, ಹೊರಗಿನ ಕಾರ್ಯಗಳ ಅಡುಗೆ ಹಿಡಿಯೋಣ ಎಂದು ಎರಡು ವರ್ಷ ಅವಳ ತಲೆ ತಿಂದೆ. ಕೊನೆಗೆ ಒಪ್ಪಿದಳು.

"ಒಂದ ಸಲ ಮಾಡಿ ನೋಡು. ಅದ ಕೆಟ್ಟತಂದ್ರ ಹೊರಗಿನ ಆರ್ಡರ್ ಬಂದ್. ಮತ್ತ ನನ್ನ ಮುಂದ ಆ ಮಾತ ತಗೀಬಾರ್ದು," ಎಂದಳು. ಅವ್ವ ಆಡಿದ ಮಾತು ಹಿಂತೆಗೆದುಕೊಂಡದ್ದನ್ನು ನಾನು ಇವತ್ತಿಗೂ ನೋಡಿಲ್ಲ.

ಆ ಒಂದು ಸಲ ಎಂದರೆ ಬೇಡಕಿಹಾಳದ ಜೈನರ ಮನೆಯ ಹುಡುಗಿಯ ಸಾಕರಪುಡಾ. ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಾನೂರು ಜನ, ಸಂಜೆಯ ಊಟ. ಆ ಮನೆಯ ಮಗ ನಮ್ಮಲ್ಲಿ ಉಂಡು ರೊಟ್ಟಿ ಮೆಚ್ಚಿಕೊಂಡಿದ್ದ. ಬಿಸಿ ರೊಟ್ಟಿಯೇ ಬೇಕು, ಉಳಿದದ್ದು ನಿಮಗೆ ಬಿಟ್ಟದ್ದು ಎಂದಿದ್ದ. ನಾನು ಬಲು ತಯಾರಿ ಮಾಡಿಕೊಂಡೆ. ಜೈನರು ತಿನ್ನದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ, ಬದನೆಕಾಯಿ ಯಾವುದೂ ನನ್ನ ಟೆಂಪೋ ಹತ್ತಲಿಲ್ಲ. ಹೊಸ ಪಾತ್ರೆ, ಹೊಸ ಹಂಚು, ಬೇರೆಯಾಗಿ ಬೀಸಿಸಿದ ಜೋಳದ ಹಿಟ್ಟು. ಜೈನರ ಅಡುಗೆ ನನ್ನಿಂದ ಕಲಿಯಿರಿ ಎಂದು ನಮ್ಮ ಅಡುಗೆ ಭಟ್ಟನ ಮುಂದೆ ಕೊಚ್ಚಿಕೊಂಡದ್ದೂ ಆಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಮಡಕಿಕಾಳಿನ ಪಲ್ಯ ಇಳಿದಿತ್ತು, ಹೋಳಿಗೆ ಮುಗಿಯುತ್ತ ಬಂದಿತ್ತು. ರೊಟ್ಟಿ ಮಾತ್ರ ಉಳಿದಿತ್ತು. ನಮ್ಮ ರೊಟ್ಟಿಯ ಎಂಟು ಹೆಂಗಸರು ಚಿಕ್ಕೋಡಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿಕೊಟ್ಟು, ಐದಕ್ಕೆ ಇಲ್ಲಿಗೆ ಬಂದು ಒಲೆಯ ಮುಂದೆ ಕೂರಬೇಕೆಂದು ನನ್ನ ಲೆಕ್ಕ. ಏಳೂವರೆಗೆ ಎಲೆ ಹಾಕಿದರೆ ಬಿಸಿ ಬಿಸಿ ರೊಟ್ಟಿ. ನಾನು ಪೆಂಡಾಲಿನ ಕೆಳಗೆ ನಿಂತು, ಊಟದ ಸಾಲುಗಳ ಮೇಲೆ ಟ್ಯೂಬ್‌ಲೈಟ್ ಕಟ್ಟುವವನಿಗೆ ಜಾಗ ತೋರಿಸುತ್ತಿದ್ದೆ. ಆ ಮನೆಯ ಆಯಿ, ಹುಡುಗಿಯ ಅಜ್ಜಿ, ಕೋಲೂರಿಕೊಂಡು ಬಂದು ನಿಂತರು.

"ಲೈಟ್ ಯಾತಕ್ಕವಾ?"

"ಊಟ ಮುಗಿಯೂದ್ರಾಗ ಕತ್ತಲಾಗತೈತಲ್ರಿ ಆಯಿ, ಅದಕ್ಕ."

"ಕತ್ತಲಾಗೂದ್ರಾಗ ನಮ್ಮ ಮನ್ಯಾಗ ಭಾಂಡಿ ತೊಳದ ಡಬ್ಬ ಹಾಕಿರ್ತೇವಿ, ಮಗಳ. ಹೊತ್ತ ಮುಣಗಿದ ಮ್ಯಾಲ ನಾವು ನೀರೂ ಕುಡ್ಯಾಂಗಿಲ್ಲ. ಮೊದಲ್ನೇ ಪಂಕ್ತಿ ನಾಕಕ್ಕ ಕುಂದರತೈತಿ."

ಟ್ಯೂಬ್‌ಲೈಟ್ ಕಟ್ಟುವವನಿಗೆ ಇಳಿ ಎಂದೆ. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬುದು ಚಿಕ್ಕೋಡಿ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಜೊತೆ ಶಾಲೆ ಕಲಿತ ಜೈನ ಗೆಳತಿಯರು ಸಂಜೆ ಆಟ ಬಿಟ್ಟು ಊಟಕ್ಕೆ ಓಡುವುದನ್ನು ನೋಡುತ್ತಲೇ ಬೆಳೆದವಳು ನಾನು. ಗಜ್ಜರಿ ನೆನಪಿಟ್ಟುಕೊಂಡೆ, ಸೂರ್ಯನನ್ನು ಮರೆತೆ. ಸಂಜೆ ಊಟ ಎಂದಾಗ ಖಾನಾವಳಿಯವಳ ತಲೆಗೆ ಬಂದದ್ದು ಖಾನಾವಳಿಯ ಹೊತ್ತು. ಆ ಮನೆಯವರೂ ಹೊತ್ತು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಆಯಿ ಒಳಗೆ ಹೋದ ಮೇಲೆ ಭಟ್ಟ ಹತ್ತಿರ ಬಂದು ಪಿಸುಗುಟ್ಟಿದ. "ಪೂರಿ ಕರದ ಬಿಡೂಣ್ರಿ ಅಕ್ಕಾರ. ಹಿಟ್ಟು ಕೆಟ್ಟಿತ್ತು ಅಂತ ಹೇಳಿದ್ರ ಆತು. ಯಾರ ನೋಡಾಕ ಬರ್ತಾರ?"

ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಬರಲಿಲ್ಲ ಎಂದರೆ ಅದೇ ಒಂದು ಸುಳ್ಳು. ಆದರೆ ಅವರು ನಮ್ಮನ್ನು ಕರೆದದ್ದೇ ರೊಟ್ಟಿಗಾಗಿ. ಪೂರಿ ಕರಿಯುವವರು ಊರಿಗೆ ಹತ್ತು ಮಂದಿ ಇದ್ದಾರೆ. ಮೊದಲು ಅವ್ವನಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಹನ್ನೆರಡೂ ಟೇಬಲ್ ತುಂಬಿರುವ ಹೊತ್ತು, ಹಿಂದೆ ತಾಟಿನ ಸದ್ದು ಕೇಳುತ್ತಿತ್ತು.

"ಏನ ಮಾಡಿಟ್ಟೀಯಬೇ," ಎಂದಳು. ಅಷ್ಟೇ. ಫೋನ್ ಇಟ್ಟಳು.

ಆಮೇಲೆ ಒಳಗೆ ಹೋಗಿ ಆಯಿಯ ಮುಂದೆ ನಿಂತೆ. ತಪ್ಪೊಪ್ಪಿಕೊಳ್ಳುವುದು ನನಗೆ ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟ. "ಆಯಿ, ಹೊತ್ತಿನ ಖಬರ್ ಇಲ್ದ ತಪ್ಪ ಮಾಡೇನಿ. ಪಲ್ಯ, ಹೋಳಿಗಿ, ಅನ್ನ ಆಗ್ಯಾವ. ರೊಟ್ಟಿ ಒಂದೂ ಆಗಿಲ್ಲ. ನಮ್ಮ ಹೆಣ್ಮಕ್ಕಳು ಈಗ ಹೊಂಟ್ರೂ ಸಾಲಂಗಿಲ್ಲ. ನಿಮ್ಮ ಓಣ್ಯಾಗಿನ ಮನಿಗೋಳ ಒಲಿ ಬೇಕ್ರಿ, ಕೈ ಬೇಕ್ರಿ."

ಸಾಕರಪುಡಾದ ಮನೆಯಲ್ಲಿ, ಅಡುಗೆಗೆಂದು ಬಂದವಳೇ ಊಟಕ್ಕೆ ಬರುವವರಿಗೆ, ನೀವೇ ರೊಟ್ಟಿ ಬಡಿಯಿರಿ ಎನ್ನುತ್ತಿದ್ದೇನೆ. ಆಯಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನಾ ಯಾರಿಗೂ ಹೇಳಾಂಗಿಲ್ಲ," ಎಂದರು. "ತಪ್ಪ ನಿಂದು. ನೀನ ಹೋಗಿ ಕೇಳು."

ಪರಾತದಲ್ಲಿ ಹಿಟ್ಟು ತುಂಬಿಕೊಂಡು ಹೊರಟೆ. ಮೊದಲ ಮನೆಯ ಸೊಸೆ ರೇಷ್ಮೆ ಸೀರೆ ಉಟ್ಟು, ಕನ್ನಡಿಯ ಮುಂದೆ ಹೂ ಮುಡಿಯುತ್ತಿದ್ದಳು. ನನ್ನ ಮಾತು ಕೇಳಿ ಹಿಡಿದ ಹೂವನ್ನು ಹಾಗೇ ಹಿಡಿದುಕೊಂಡು ತಿರುಗಿದಳು.

"ಅಡಗಿಯವ್ರನ್ನ ಕರಸಿ ನಾವ ರೊಟ್ಟಿ ಬಡೀಬೇಕೇನ್ರಿ?"

"ಹೌದ್ರಿ," ಎಂದೆ. ಪರಾತವನ್ನು ಮುಂದೆ ಹಿಡಿದೆ.

ಅವಳು ಹೋ ಎಂದು ನಕ್ಕಳು. ಆ ನಗು ನನಗೆ ಚುಚ್ಚಿತು, ಆದರೆ ಅವಳು ನಗುತ್ತಲೇ ರೇಷ್ಮೆ ಸೀರೆಯ ಮೇಲೆ ಹಳೆಯ ಟವೆಲ್ ಸುತ್ತಿಕೊಂಡು ಒಲೆ ಹೊತ್ತಿಸಿದಳು. ಎರಡನೆಯ ಮನೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಮೂರನೆಯ ಮನೆಯಾಕೆ ಬಾಗಿಲಲ್ಲೇ ನಿಂತು, "ನಮ್ಮ ಪಾಲಿನ ಹಿಟ್ಟ ಎಲ್ಲಿ?" ಎಂದು ಕೇಳಿದಳು. ಹನ್ನೊಂದು ಮನೆ ತಿರುಗಿದೆ. ಒಂದೇ ಒಂದು ಮನೆಯಲ್ಲಿ ಇಲ್ಲ ಎಂದರು, ಅವರ ಮನೆಯಲ್ಲಿ ಬಾಣಂತಿ ಇದ್ದಳು.

ಹೊರಳಿ ಬರುವಾಗ ಓಣಿಯ ಎರಡೂ ಬದಿಗೆ ರೊಟ್ಟಿ ಬಡಿಯುವ ಸದ್ದು ಏಳುತ್ತಿತ್ತು. ಆ ಮನೆಯದು ದಪ್ಪ, ಈ ಮನೆಯದು ತೆಳುವು ಎಂದು ಹೆಂಗಸರು ಕಿಟಕಿಯಿಂದ ಕಿಟಕಿಗೆ ಚೇಷ್ಟೆ ಮಾಡುತ್ತಿದ್ದರು. ನನಗೆ ಅಳು ಬಂದಿತ್ತು, ಅಳುವುದಕ್ಕೆ ಪುರಸೊತ್ತು ಇರಲಿಲ್ಲ.

ಮೂರೂವರೆಗೆ ನಮ್ಮ ಟೆಂಪೋ ಬಂತು. ಎಂಟು ಹೆಂಗಸರು ಇಳಿದರು, ಒಂಬತ್ತನೆಯವಳಾಗಿ ಅವ್ವ ಇಳಿದಳು. ಊಟದ ಹೊತ್ತಿನಲ್ಲಿ ಒಂದು ದಿನವೂ ಖಾನಾವಳಿಯ ಬಾಗಿಲು ಹಾಕದವಳು ಹಾಕಿ ಬಂದಿದ್ದಳು. ನನ್ನತ್ತ ತಿರುಗಿಯೂ ನೋಡದೆ ಸೆರಗು ಬಿಗಿದು ಒಲೆಯ ಮುಂದೆ ಕೂತಳು. ನನ್ನ ಹೊರಗಿನ ಆರ್ಡರ್‌ಗಳಿಗೆಲ್ಲ ಬೀಗ ಬಿತ್ತು ಎಂದೇ ತಿಳಿದೆ.

ನಾಲ್ಕಕ್ಕೆ ಸರಿಯಾಗಿ ಮೊದಲ ಪಂಕ್ತಿ ಕೂತಿತು. ಓಣಿಯಿಂದ ಬುಟ್ಟಿಗಳು ಬರುತ್ತಲೇ ಇದ್ದವು, ಅರಿವೆ ತೆಗೆದರೆ ಹಬೆ ಮುಖಕ್ಕೆ ಬಡಿಯುತ್ತಿತ್ತು. ಬೀಗರು ಯಾವ ರೊಟ್ಟಿ ಯಾರ ಮನೆಯದು ಎಂದು ಕೇಳಿ ಕೇಳಿ ಇನ್ನೊಂದು ಹಾಕಿಸಿಕೊಂಡರು. ಹುಡುಗನ ಸೋದರಮಾವ ಐದು ರೊಟ್ಟಿ ಉಂಡದ್ದನ್ನು ನಾನೇ ಕಣ್ಣಾರೆ ಕಂಡೆ. ಎರಡನೆಯ ಪಂಕ್ತಿ ಎದ್ದಿತು, ಮೂರನೆಯದು ಕೂತಿತು. ನಾನು ಬಡಿಸುತ್ತಲೇ ಕಬ್ಬಿನ ಗದ್ದೆಯ ಕಡೆ ನೋಡುತ್ತಿದ್ದೆ, ಸೂರ್ಯ ಅವತ್ತು ಓಡಿದ ಹಾಗೆ ಯಾವತ್ತೂ ಓಡಿರಲಿಕ್ಕಿಲ್ಲ. ಕೊನೆಯ ಪಂಕ್ತಿಯಲ್ಲಿ, ರೊಟ್ಟಿ ಬಡಿದ ಹೆಂಗಸರ ನಡುವೆ ಆಯಿ ಕೂತರು. ನಿಧಾನವಾಗಿ ಉಂಡರು. ಹೋಳಿಗೆಗೆ ತುಪ್ಪ ಕೇಳಿ ಹಾಕಿಸಿಕೊಂಡರು. ಎದ್ದು ಬಾಯಿ ಮುಕ್ಕಳಿಸಿ ಸೆರಗಿನಿಂದ ಒರೆಸಿಕೊಂಡಾಗ ಅವರ ಮುಖದ ಮೇಲೆ ಇನ್ನೂ ಬಿಸಿಲಿತ್ತು.

ಗೆದ್ದಿದ್ದೆವು. ನನಗೆ ಕುಣಿಯಬೇಕು ಅನ್ನಿಸಿತು. ಕುಣಿಯುವ ಬದಲು ಕತ್ತಲಾಗುವುದರೊಳಗೆ ಭಾಂಡಿ ತೊಳೆದು ಬೋರಲು ಹಾಕಬೇಕೆಂದು ಹಿತ್ತಿಲಿಗೆ ಹೋಗಿ ತಿಕ್ಕುತ್ತ ಕೂತೆ. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದಳು. ಆಯಿ ಒಬ್ಬ ಹಿರಿಯರನ್ನು ಅಲ್ಲಿಗೆ ಕರೆತಂದರು. ಅವರು ಕಾಗವಾಡದ ಬೀಗರು, ಹುಡುಗನ ಕಡೆಯವರು.

"ನಮ್ಮ ಮನ್ಯಾಗೂ ಮಗಳ ಲಗ್ನ ಐತ್ರಿ ಅಕ್ಕಾರ," ಎಂದರು ಅವರು ಅವ್ವನಿಗೆ. "ಅಡಗಿ ನಿಮ್ಮದ ಆಗಬೇಕು. ಏನಂತೀರಿ?"

ನಾನು ತಿಕ್ಕುವುದನ್ನು ನಿಲ್ಲಿಸಿದೆ. ಅವ್ವ ಕೈ ಒರೆಸಿಕೊಂಡಳು, ಪೂರಾ ಒರೆಸಿಕೊಂಡೇ ಮಾತಾಡಿದಳು.

"ಅದನ್ನ ನನಗ ಕೇಳಬ್ಯಾಡ್ರಿ. ನಮ್ಮ ಮಾಲಕ್ರು ಅಲ್ಲಿ ಭಾಂಡಿ ತಿಕ್ಕಾಕತ್ತಾರ. ಅವ್ರನ್ನ ಕೇಳ್ರಿ."

ಮೊಣಕೈತನಕ ಬೂದಿ ಮೆತ್ತಿಕೊಂಡು ಎದ್ದು ನಿಂತೆ. ಲಗ್ನ ಯಾವಾಗ ಎಂದು ಕೇಳಲಿಲ್ಲ, ಮಂದಿ ಎಷ್ಟು ಎಂದೂ ಕೇಳಲಿಲ್ಲ.

"ಊಟ ಎಷ್ಟ ಹೊತ್ತಿಗ್ರಿ?" ಎಂದೆ.