ಹೆಸರು ಹಿಡಿದು ಕರೆದ ದನಿ

ಮೂಡಬಿದಿರೆ ಪೇಟೆಯಲ್ಲಿ ಫೋಟೊ ತೆಗೆಯುತ್ತಿದ್ದ ಭೋಜನಂಥ ಪುಕ್ಕಲನನ್ನು ನಾನು ಕಂಡಿಲ್ಲ. ನೆರೆಮನೆಯವನಾದ್ದರಿಂದ ಧೈರ್ಯವಾಗಿಯೇ ಹೇಳುತ್ತೇನೆ. ಹೆಣದ ಫೋಟೊಕ್ಕೆ ಕರೆ ಬಂದರೆ ಅವನಿಗೆ ತಪ್ಪದೆ ಹೊಟ್ಟೆನೋವು. ಅಂಥವನು ಐವತ್ತೈದನೆಯ ಇಸವಿಯ ಆಟಿಯಲ್ಲಿ, ಸತ್ತವರು ಮನೆಗೆ ಬಂದುಹೋಗುವ ತಿಂಗಳಲ್ಲಿ, ಕೊಡಂಗಲ್ಲಿನ ಜೈನ ಗುರುಗಳ ಹಳೆಯ ಸಮಾಧಿಗಳ ಚಿತ್ರ ತೆಗೆಯಲು ಒಪ್ಪಿಕೊಂಡ. ಮಂಗಳೂರಿನ ಚರಿತ್ರೆ ಮೇಷ್ಟ್ರೊಬ್ಬರು "ನಿಮ್ಮಿಂದಲೇ ಆಗಬೇಕು" ಎಂದದ್ದಕ್ಕೆ ಉಬ್ಬಿಹೋಗಿದ್ದ.

ಹೆಂಡತಿ ಜಲಜಾಕ್ಷಿ ಬಸುರಿ. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ.

"ಬಸುರಿಯ ಗಂಡ ಸಮಾಧಿಗೆ ಹೋಗುವುದುಂಟಾ? ನಂಗೆ ಹೆದರಿಕೆ ಆಗ್ತದೆ" ಎಂದಳು.

"ಗದ್ದೆಯ ಆಚೆ ಅಲ್ವಾ? ಏನನ್ನೂ ಮುಟ್ಟುವುದಿಲ್ಲ. ಬೇಗ ಬರ್ತೇನೆ" ಎಂದು ಹೊರಟ.

ಮುರಕಲ್ಲಿನ ಸಮಾಧಿಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಮೋಡದ ಮಬ್ಬಿನಲ್ಲಿ ನಿಂತಿದ್ದವು. ಆ ಬೆಳಕಿಗೆ ಕ್ಯಾಮರಾದ ಮುಚ್ಚಳ ತೆಗೆದು ಬಹಳ ಹೊತ್ತು ಎಣಿಸಬೇಕು. ಕೊನೆಯ ಚಿತ್ರಕ್ಕೆ ಮುಚ್ಚಳ ತೆಗೆದವನೇ ಭೋಜ ಹೆದರಿ ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಎಣಿಸತೊಡಗಿದ.

"ಭೋಜಾ..."

ಹೆಂಗಸಿನ ದನಿ, ಎದುರಿನ ಸಮಾಧಿಯ ಕಡೆಯಿಂದ. ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಹೆಂಗಸು ಅವನ ತಾಯಿ ಒಬ್ಬಳೇ. ಆಕೆ ಸತ್ತು ವರ್ಷಗಳಾಗಿದ್ದವು. ಸತ್ತವರು ಕರೆದರೆ ಓಗೊಡಬಾರದು, ಓಗೊಟ್ಟವನನ್ನು ಕರೆದುಕೊಂಡೇ ಹೋಗುತ್ತಾರೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಭೋಜ ಹಲ್ಲು ಕಚ್ಚಿದ.

"ಭೋಜಾ!"

ತಡವರಿಸಿ ಮುಚ್ಚಳ ಹಾಕಿ, ಕ್ಯಾಮರಾ ಎತ್ತಿಕೊಂಡು, ಪೇಟೆಯ ಕಡೆ ಓಟ ಕಿತ್ತ. ಬೆನ್ನ ಹಿಂದೆ ದನಿ ಮತ್ತೆ ಕರೆಯಿತು. ಅವನು ತಿರುಗಿ ನೋಡಲಿಲ್ಲ.

ಸ್ಟುಡಿಯೊದ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಕೊನೆಯ ಚಿತ್ರ ಹಿಡಿದ ಗಾಜಿನ ತಟ್ಟನ್ನು ದ್ರಾವಣದಲ್ಲಿ ಮುಳುಗಿಸಿದ. ಮೆಲ್ಲಗೆ ಸಮಾಧಿ ಮೂಡಿತು. ಅದರ ಪಕ್ಕದಲ್ಲಿ ಒಬ್ಬಳು ಹೆಂಗಸು. ಅವಳ ಮೈಯೊಳಗಿಂದ ಹಿಂದಿನ ಕಲ್ಲು ಕಾಣುತ್ತಿತ್ತು. ಭೋಜ ಗಾಜನ್ನು ನೆಲಕ್ಕೆ ಅಪ್ಪಳಿಸಲು ಕೈ ಎತ್ತಿದ.

ಆಗ ಕಂಡಿತು: ಒಂದು ಕೈ ಸೊಂಟದ ಹಿಂದೆ, ಇನ್ನೊಂದು ತುಂಬಿದ ಹೊಟ್ಟೆಯ ಮೇಲೆ. ಹಾಗೆ ನಿಲ್ಲುವವಳು ಅವನ ಮನೆಯಲ್ಲೇ ಇದ್ದಳು. ಮುಚ್ಚಳ ತೆಗೆದಿದ್ದಾಗ ಸ್ವಲ್ಪವೇ ಹೊತ್ತು ಎದುರು ನಿಂತದ್ದರಿಂದ ಅರ್ಧಂಬರ್ಧ ಮೂಡಿದ್ದಳು.

ಅವನು ಮತ್ತೆ ಸಮಾಧಿಗಳ ಕಡೆ ಓಡಿದ್ದನ್ನು ನಾನೇ ನೋಡಿದ್ದೇನೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಏನಾಯಿತೋ ಎಂದು ನಾನೂ ಹಿಂದೆಯೇ ಹೋದೆ.

ಸಮಾಧಿಯ ಕಟ್ಟೆಯ ಹಿಂದೆ ಜಲಜಾಕ್ಷಿ ಮಲಗಿದ್ದಳು. ಹುಲ್ಲು ಕೊಯ್ಯಲು ಬಂದಿದ್ದ ಝೈನಬ್ ತನ್ನ ತಲೆವಸ್ತ್ರದಲ್ಲಿ ಹೆಣ್ಣುಮಗುವನ್ನು ಸುತ್ತಿ ಹಿಡಿದಿದ್ದಳು. ದಿನ ತುಂಬದ ಕೂಸು ಸಣ್ಣಗೆ ಅಳುತ್ತಿತ್ತು. ಆ ಅಳು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

"ಹೆಂಡತಿ ಅಷ್ಟು ಕರೆದದ್ದು ನಿಮಗೆ ಕೇಳ್ಲಿಲ್ವಾ? ನಂಗೆ ಆಚೆ ಗದ್ದೆಗೆ ಕೇಳಿತು" ಎಂದಳು ಝೈನಬ್.

ಭೋಜ ಮೊಣಕಾಲೂರಿ ಕುಳಿತ. ಜಲಜಾಕ್ಷಿ ಅವನ ಕೈ ಹಿಡಿದು ಅತ್ತಳು.

"ತಪ್ಪಾಯ್ತು. ನೋವು ಶುರುವಾಯ್ತೂಂತ ನಿಮ್ಮನ್ನು ಕರೀಲಿಕ್ಕೆ ಬಂದೆ. 'ನೋಡಿ, ನೋಡಿ' ಅಂತ ಎಷ್ಟು ಕರೆದರೂ ನೀವು ಕಣ್ಣು ಬಿಡ್ಲಿಲ್ಲ. ನೋವು ತಡೀಲಿಕ್ಕಾಗದೆ ಹೆಸರು ಹಿಡಿದೆ."

"ಓ" ಎಂದ ಭೋಜ. ಈಗ ಅವನನ್ನು ಯಾರೂ ಕರೆದಿರಲಿಲ್ಲ. "ಓ... ಓ..." ಎನ್ನುತ್ತಲೇ ಇದ್ದ.