ಹೊಳ್ಳಿಸಿ ನೋಡುವ ಅಂಬಕ್ಕ

ಅಂಬಕ್ಕ ಯಾರ ಸೀರೆಯನ್ನೂ ಮುಂದಿನಿಂದ ನೋಡಿದವಳಲ್ಲ. ಮದುವೆಮನೆಯಲ್ಲಿ ಬೀಗಿತ್ತಿ ಎದುರು ಬಂದು ನಿಂತರೂ ಸೆರಗಿನ ತುದಿ ಹಿಡಿದು, ಹೊಳ್ಳಿಸಿ, ಹಿಂದಿನ ದಾರ ನೋಡಿ, ಆಮೇಲೆ "ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದಳು. ಕಸೂತಿ ಹಾಕುವವರ ಮರ್ಯಾದೆ ಇರುವುದು ಬಟ್ಟೆಯ ಬೆನ್ನಿನಲ್ಲಿ. ಎರಡೂ ಮಗ್ಗುಲು ಒಂದೇ ತರಹ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು.

ಫೋನಿನಲ್ಲಿ ಟೈಪು ಮಾಡಲು ಕಲಿತು ಎರಡು ತಿಂಗಳಾಯಿತು. ಮೊದಲು ಬರೆಯುವುದು ಈಕೆಯ ಮೇಲೆಯೇ ಎಂದು ಪಣ ತೊಟ್ಟಿದ್ದೆ. ಐವತ್ತು ವರ್ಷದ ಸಿಟ್ಟನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ.

ಮುಂಡರಗಿಯಿಂದ ಬೆಟಗೇರಿಯ ಸೋದರಮಾವನ ಮನೆಗೆ ಬಂದಾಗ ನನಗೆ ಹದಿನೇಳು. ಅಂಬಕ್ಕನ ಪಡಸಾಲೆಯಲ್ಲಿ ಎಂಟು ಹುಡುಗಿಯರು ಕಸೂತಿ ಕಲಿಯುತ್ತಿದ್ದರು. ನಾನೇನು ಬರಿಗೈಯಲ್ಲಿ ಹೋದವಳಲ್ಲ. ಕಂಡಕಂಡವರ ಸೆರಗು ನೋಡಿ ಗೋಪುರ, ತೊಟ್ಟಿಲು, ನವಿಲು, ಆನೆ ಎಂದು ನೂರಾರು ನಮೂನೆಗಳನ್ನು ನೋಟುಬುಕ್ಕಿನಲ್ಲಿ ಚುಕ್ಕಿಯಿಟ್ಟು ತೆಗೆದುಕೊಂಡಿದ್ದೆ. ಯಾರೂ ಕಲಿಸಿದ್ದಲ್ಲ. ಎಲ್ಲದರ ಹೆಸರನ್ನೂ ಗಿಳಿಯಂತೆ ಒಪ್ಪಿಸಿದೆ.

"ಬಾಯಿಲೆ ಹೇಳಬ್ಯಾಡ, ತೋರ್ಸು," ಎಂದು ಬಟ್ಟೆ ಕೊಟ್ಟಳು.

ತೊಟ್ಟಿಲು ಹಾಕಿದೆ. ಆಕೆ ಅದನ್ನು ಹೊಳ್ಳಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನೋಡ್ರವಾ, ಮುಂದ ತೊಟ್ಟಿಲ, ಹಿಂದ ಗುಬ್ಬಿ ಗೂಡು! ಪುಸ್ತಕದಾಗ ಊರೆಲ್ಲಾ ಐತಿ, ಕೈಯಾಗ ಒಂದ್ ಓಣಿನೂ ಇಲ್ಲ."

ಆ ನಗು ಇನ್ನೂ ಕಿವಿಯಲ್ಲಿದೆ. ಪುಸ್ತಕ ಟ್ರಂಕಿನ ತಳ ಸೇರಿತು. ಒಂದು ವರ್ಷ ನನಗೆ ಸಿಕ್ಕಿದ್ದು ಒಂದೇ ಹೊಲಿಗೆ: ಸೂಜಿ ಹಿಡಿದು ಹೋಗುವುದು, ಅದೇ ದಾರಿಯಲ್ಲಿ ತಿರುಗಿ ಬರುವುದು.

ಮರುವರ್ಷ ಲಕ್ಷ್ಮೇಶ್ವರದ ವ್ಯಾಪಾರಸ್ಥರ ಸೊಸೆಯೊಬ್ಬಳು ತೀರಿಹೋದ ಅತ್ತೆಯ ಹರಕು ಸೀರೆ ತಂದಳು. ಸೆರಗಿನ ಅಂಬಾರಿ ಆನೆ ಅರ್ಧ ಸವೆದಿತ್ತು. ಹೊಸ ಸೀರೆಯ ಮೇಲೆ ಅದೇ ಆನೆ ಬೇಕಂತೆ. ಅಂಬಕ್ಕನಿಗೆ ಆ ಆನೆ ಗೊತ್ತಿಲ್ಲ. ಶಿರಹಟ್ಟಿಯ ಮದುವೆಯೊಂದರಲ್ಲಿ ನಾನು ಅದನ್ನು ಪೂರ್ತಿ ತೆಗೆದುಕೊಂಡಿದ್ದೆ. ಎರಡು ದಿನ ಆಕೆ ತಲೆ ಕೆರೆದುಕೊಳ್ಳುವುದನ್ನು ಹಾಯಾಗಿ ನೋಡಿದೆ. ಮೂರನೆಯ ದಿನ ಬಾಯಿ ಬಿಟ್ಟೆ.

"ಆ ಆನಿ ನನ್ನ ಪುಸ್ತಕದಾಗ ಐತ್ರಿ, ಅಂಬಕ್ಕಾರ."

"ಖರೇನ? ಜಲ್ದಿ ತಾ."

"ಕೈಯಾಗ ಇಲ್ಲದ್ದು ತಗೊಂಡು ಏನ್ ಮಾಡ್ತೀರಿ, ಬಿಡ್ರಿ."

ಹುಡುಗಿಯರ ಸೂಜಿಗಳು ನಿಂತವು. ಅಂಬಕ್ಕ ಎದ್ದು ಒಳಗೆ ಹೋದಳು. ಹೊಸ ಸೀರೆ ತಂದು ನನ್ನ ಮಡಿಲಿಗೆ ಹಾಕಿದಳು. "ಹಂಗಾರ ನೀನ ಹಾಕು. ಪುಸ್ತಕಾನೂ ನಿಂದ, ಕೈನೂ ನಿಂದ."

ಹನ್ನೊಂದು ಸಲ ಬಿಚ್ಚಿದೆ. ಆಕೆ ಪಕ್ಕದಲ್ಲೇ ಮೆಂತ್ಯದ ಪಲ್ಲೆಯ ಎಲೆ ಬಿಡಿಸುತ್ತ ಕುಳಿತಿದ್ದಳು, ಒಂದು ಸಲವೂ ಕೈ ಹಚ್ಚಲಿಲ್ಲ. ಆನೆಯನ್ನು ನೋಡಿ ಆ ಸೊಸೆ ಅತ್ತಳು. ಅಂಬಕ್ಕ ಹೊಳ್ಳಿಸಿ ನೋಡಿ "ಹ್ಞೂಂ" ಅಂದಳು. ಅಷ್ಟೇ! ಇವಳ ಬಾಯಿಂದ ಒಂದು ಶಾಭಾಸ್ ಕಕ್ಕಿಸದೆ ಬಿಡುವುದಿಲ್ಲ ಎಂದುಕೊಂಡೆ.

ಬೆಟಗೇರಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹೋದ ವರ್ಷ ಆಕೆಯ ಕಣ್ಣು ಪೂರ್ತಿ ಹೋದವೆಂಬ ಖಬರು ಬಂತು. ನನ್ನ ಸಮಯ ಬಂತು ಎಂದು ಕುಣಿದೆ. ಅದೇ ಆನೆಯನ್ನು ಹಾಕಿದೆ. ಹಿಂದುಗಡೆ, ಹೊಟ್ಟೆಯ ಕೆಳಗೆ, ಬೇಕೆಂದೇ ಸಾಸಿವೆಗಿಂತ ಸಣ್ಣ ಗಂಟೊಂದನ್ನು ಬಿಟ್ಟೆ. ಕುರುಡಿ ಅದನ್ನು ಮೆಚ್ಚಬೇಕು, ಆಗ ಆಕೆಯ ಹುಡುಗಿಯರೆದುರು ಗಂಟು ತೋರಿಸಿ ನಾನು ನಗಬೇಕು.

ಪಡಸಾಲೆಯಲ್ಲಿ ಈಗಲೂ ನಾಲ್ಕು ಹುಡುಗಿಯರಿದ್ದರು. ಅಂಬಕ್ಕ ಬಟ್ಟೆ ಇಸಿದುಕೊಂಡು ಹೊಳ್ಳಿಸಿದಳು. ಹೆಬ್ಬೆರಳು ಸೊಂಡಿಲು ದಾಟಿತು, ಅಂಬಾರಿ ದಾಟಿತು. ಹೊಟ್ಟೆಯ ಕೆಳಗೆ ನಿಂತಿತು.

"ಬರ್ರವಾ ಇಲ್ಲಿ! ಈ ಸುಶೀಲಾಬಾಯಿ ಆನಿಗೆ ಹೊಕ್ಕಳ ಬಂದೈತಿ, ನೋಡ್ರಿ!"

ಮತ್ತದೇ ನಗು. ನಾನು ಎದ್ದು ಹೊರಡುವಾಗ ಆಕೆ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ ಕಿವಿಯಲ್ಲಿ ಪಿಸುಗುಟ್ಟಿದಳು. "ತಪ್ಪಿ ಬಿದ್ದ ಗಂಟು ಹಿಂಗ ಇರಂಗಿಲ್ಲ. ಬೇಕಂತ ಹಾಕೀದಿ. ಉಳದದ್ದೆಲ್ಲಾ ನನಕಿಂತ ಚಲೋ ಐತಿ. ಶಾಭಾಸ್."

"ಜೋರಾಗಿ ಅನ್ರಿ!"

"ಏನಂದಿ? ನನಗ ಕಿವಿನೂ ಕೇಳಂಗಿಲ್ಲ ಈಗ."

ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟಳು. ಆಕೆಯ ದಿನಕರ್ಮಕ್ಕೆ ಹೋದಾಗ ಆ ನಾಲ್ಕೂ ಹುಡುಗಿಯರನ್ನು ಕೂರಿಸಿಕೊಂಡು ಹೇಳಿದೆ: "ಅಂಬಕ್ಕ ನನಗ ಶಾಭಾಸ್ ಅಂದಾಳ, ಗೊತ್ತೇನು?"

ಒಬ್ಬಳು ಸೂಜಿಯಿಂದ ತಲೆ ಎತ್ತದೆ ಅಂದಳು: "ಬಾಯಿಲೆ ಹೇಳಬ್ಯಾಡ್ರಿ ಅಜ್ಜಿ, ತೋರಿಸ್ರಿ."

ಏನು ತೋರಿಸಲಿ? ಕಿವಿಯನ್ನು ಹೊಳ್ಳಿಸಲು ಬರುತ್ತದೆಯೇ?